ಒಂದೇ ಸೂರಿನಡಿ ಎರಡು ಶಾಲೆ



ಸರ್ಕಾರದ ಹಣದಲ್ಲಿ ಖಾಸಗಿ ಮಂಡಲಿಗಳು ನಡೆಸುವ ಅಮೆರಿಕದ ಚಾರ್ಟರ್ ಶಾಲೆಗಳನ್ನು ಮುಕ್ತಕಂಠದಿಂದ ಕೊಂಡಾಡಿ, ನಮ್ಮ ಕರ್ನಾಟಕದ ಸರ್ಕಾರಿ ಶಾಲೆಗಳನ್ನೂ ಅದೇ ರೀತಿಯಲ್ಲಿ ಖಾಸಗಿ ಆಡಳಿತ ಮಂಡಲಿಗಳ ಕೈಗೆ ಒಪ್ಪಿಸಿಬಿಡುವುದೇ ಲೇಸೆಂದು ಉಪದೇಶಿಸಿರುವ ನಿಮ್ಮ ಕಳೆದ ಸಂಚಿಕೆಯ ಲೇಖನವನ್ನು ನಾನು ಓದಿದುದು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ, ಮೂರನೆಯ ತರಗತಿಯ ನನ್ನ ಮೊಮ್ಮಗಳು ಹೊರಬರುವುದನ್ನು ಕಾಯುತ್ತ ಶಾಲೆಯ ಬಾಗಿಲಲ್ಲಿ ನಿಂತಿದ್ದಾಗ. ಮಲೆನಾಡಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿ ನಿವೃತ್ತನಾದವನು ನಾನು. ಲೇಖಕರು ದೂರದಿಂದ ವರ್ಣಿಸಿದ ವಸ್ತು ನನ್ನ ಕಣ್ಣೆದುರಿಗೇ ಇರುವಾಗ ಸುಮ್ಮನಿರುವುದು ನನಗೆ ಸಾಧ್ಯವಾಗಲಿಲ್ಲ.

ಆ ಕಟ್ಟಡವೊಂದೇ, ಒಳಗಿರುವ ಶಾಲೆಗಳು ಎರಡು. ಕೆಳಗಿನ ಅಂತಸ್ತುಗಳಲ್ಲಿ ನನ್ನ ಮೊಮ್ಮಗಳು ಓದುವ ನಗರದ ಸಾರ್ವಜನಿಕ ಶಾಲೆ, ಮೇಲೆ ಚಾರ್ಟರ್ ಶಾಲೆ. ಬಾಗಿಲು ಬೇರೆ, ಮೆಟ್ಟಿಲು ಬೇರೆ. ಊಟದ ಕೋಣೆಯನ್ನು ಮಾತ್ರ ಸರದಿಯ ಮೇಲೆ ಹಂಚಿಕೊಳ್ಳಬೇಕಾದುದರಿಂದ ನನ್ನ ಮೊಮ್ಮಗಳಿಗೆ ಮಧ್ಯಾಹ್ನದ ಊಟ ಬೆಳಿಗ್ಗೆ ಹತ್ತೂವರೆಗೆ. ಈ ವರ್ಷ ಚಿತ್ರಕಲೆಯ ಕೋಣೆಯೂ ಮೇಲಿನವರ ಪಾಲಾಯಿತು. ಅಂದಿನಿಂದ ಚಿತ್ರಕಲೆಯ ಅಧ್ಯಾಪಕಿ ಬಣ್ಣ, ಕುಂಚ, ಕಾಗದಗಳನ್ನು ತಳ್ಳುಗಾಡಿಯಲ್ಲಿ ತುಂಬಿಕೊಂಡು ತರಗತಿಯಿಂದ ತರಗತಿಗೆ ಅಲೆಯುತ್ತಾರೆ. "ಅಜ್ಜ, ಚಿತ್ರ ಒಣಗೋದಕ್ಕೇ ಜಾಗ ಇಲ್ಲ" ಎಂದು ಹುಡುಗಿ ಹಸಿ ಕಾಗದವನ್ನು ಎರಡೂ ಕೈಯಲ್ಲಿ ಚಾಚಿ ಹಿಡಿದು ಮನೆಯವರೆಗೂ ನಡೆದು ಬಂದಳು. ಹೊಸದಾಗಿ ತೆರೆಯುವ, ಇಲ್ಲವೆ ತರಗತಿಗಳನ್ನು ಹೆಚ್ಚಿಸುವ ಚಾರ್ಟರ್ ಶಾಲೆಗೆ ನಗರವು ಸ್ಥಳವನ್ನಾದರೂ ಕೊಡಬೇಕು, ಬಾಡಿಗೆಗೆ ಹಣವನ್ನಾದರೂ ಕೊಡಬೇಕು ಎಂದು ನ್ಯೂಯಾರ್ಕ್ ರಾಜ್ಯವು 2014 ರಲ್ಲಿ ಶಾಸನ ಮಾಡಿತು. ಆ ಸ್ಥಳ ಯಾವ ಮಕ್ಕಳದು ಎಂಬುದನ್ನು ನಿಮ್ಮ ಲೇಖಕರು ವಿಚಾರಿಸಲೇ ಇಲ್ಲ.

ಇಂಥ ಮೇಲಿನ ಶಾಲೆಗಳ ಅಂಕಗಳನ್ನೂ ಕೆಳಗಿನ ಶಾಲೆಗಳ ಅಂಕಗಳನ್ನೂ ಅಕ್ಕಪಕ್ಕದಲ್ಲಿಟ್ಟು ತೀರ್ಪು ಕೊಟ್ಟಿರುವುದೇ ಲೇಖನದ ಮೂಲದೋಷ. ಚಾರ್ಟರ್ ಶಾಲೆಗೆ ತಂದೆತಾಯಿಗಳು ಅರ್ಜಿ ಹಾಕಬೇಕು, ಅರ್ಜಿ ಹೆಚ್ಚಾದರೆ ಚೀಟಿ ಎತ್ತಬೇಕು. ಗೊತ್ತಾದ ಒಂದು ತರಗತಿ ದಾಟಿದ ಮೇಲೆ ತೆರವಾದ ಸ್ಥಾನಗಳಿಗೆ ಹೊಸಬರನ್ನು ತೆಗೆದುಕೊಳ್ಳದ ಸಂಸ್ಥೆಗಳೂ ಉಂಟು. ನಗರದ ಶಾಲೆಯಾದರೋ ವರ್ಷದ ಯಾವ ದಿನ ಯಾವ ಮಗು ಬಂದು ನಿಂತರೂ ಬಾಗಿಲು ತೆರೆಯತಕ್ಕದ್ದು. ಒಂದು ಲಕ್ಷಕ್ಕೂ ಮಿಗಿಲಾದ ವಿದ್ಯಾರ್ಥಿಗಳು ಸ್ಥಿರವಾದ ಮನೆಯಿಲ್ಲದೆ ಆಶ್ರಯಗೃಹಗಳಲ್ಲಿಯೋ ಬಂಧುಗಳ ಮನೆಯ ಮೂಲೆಯಲ್ಲಿಯೋ ರಾತ್ರಿ ಕಳೆಯುವ ನಗರವಿದು. ಫೆಬ್ರುವರಿಯ ಕೊರೆಯುವ ಚಳಿಯಲ್ಲಿ, ಇಂಗ್ಲಿಷಿನ ಒಂದಕ್ಷರವೂ ತಿಳಿಯದ ಅಂಥ ಹುಡುಗಿಯೊಬ್ಬಳು ನನ್ನ ಮೊಮ್ಮಗಳ ಪಕ್ಕದಲ್ಲಿ ಬಂದು ಕುಳಿತಳು. ಮಾರ್ಚಿನಲ್ಲಿ ಇನ್ನೊಬ್ಬ ಬಂದನು, ಮೇಲಿನ ಅಂತಸ್ತಿನಿಂದಲೇ. ತರಗತಿಯಲ್ಲಿ ಸ್ಥಿರವಾಗಿ ಕೂರಲಾರದ ಹುಡುಗ; ತಾಯಿಯನ್ನು ಕೆಲಸ ಬಿಡಿಸಿ ಮತ್ತೆ ಮತ್ತೆ ಕರೆಸಿಕೊಂಡು, ಕಡೆಗೆ ಈ ಶಾಲೆ ನಿಮ್ಮ ಮಗನಿಗೆ ಹೊಂದುವುದಿಲ್ಲವೆಂದು ಹೇಳಿ ಕಳುಹಿಸಿದರೆಂದು ಆ ತಾಯಿಯೇ ಬಾಗಿಲಲ್ಲಿ ನಿಂತು ನನಗೆ ಹೇಳಿದಳು. ರಾಜ್ಯದ ಪರೀಕ್ಷೆಯ ದಿನ ಆತನು ಕುಳಿತು ಬರೆದುದು ಕೆಳಗಿನ ಕೋಣೆಯಲ್ಲಿ. ಇನ್ನು ಯಾವ ಶಾಲೆ ಮೇಲು, ಯಾವುದು ಕೀಳು ಎಂಬ ತೀರ್ಮಾನವನ್ನು ಯಾವ ನ್ಯಾಯದಿಂದ ಮಾಡುವುದು?

ಮತ್ತೊಂದು ಮಾತು ನನ್ನನ್ನು ಇದಕ್ಕಿಂತ ಹೆಚ್ಚಾಗಿ ನೋಯಿಸಿದೆ. ಇಲ್ಲಿನ ಬಿಳಿಯ ಮಕ್ಕಳಿಗೂ ಕಪ್ಪು ಮತ್ತು ಲ್ಯಾಟಿನೋ ಮಕ್ಕಳಿಗೂ ನಡುವೆ ಪರೀಕ್ಷೆಗಳಲ್ಲಿ ಕಂಡುಬರುವ ಅಂತರವನ್ನು ನಿಮ್ಮ ಲೇಖಕರು "ಜಾಣ ಮಕ್ಕಳಿಗೂ ದಡ್ಡ ಮಕ್ಕಳಿಗೂ ಇರುವ ಅಂತರ" ಎಂದು ಬರೆದಿದ್ದಾರೆ. ನೀವು ಅದನ್ನು ತಿದ್ದದೆ ಅಚ್ಚು ಹಾಕಿದ್ದೀರಿ. ಶಾಲೆಗಳಲ್ಲಿ ವರ್ಣಭೇದ ಕೂಡದೆಂದು ಇಲ್ಲಿನ ಸರ್ವೋಚ್ಚ ನ್ಯಾಯಾಲಯವು 1954 ರಲ್ಲಿಯೇ ತೀರ್ಪಿತ್ತರೂ, ಬಾಡಿಗೆಯೂ ಬೀದಿಯೂ ಜನರನ್ನು ಇಂದಿಗೂ ಬೇರ್ಪಡಿಸಿಯೇ ಇರಿಸಿರುವ ನಾಡಿನಲ್ಲಿ ಆ ಅಂತರವು ಮಕ್ಕಳ ಬುದ್ಧಿಯದೆಂದು ಹೇಳುವುದು ಘೋರ ಅನ್ಯಾಯ. ದಡ್ಡನೆಂದು ಹಿಂದಿನ ಬೆಂಚಿಗೆ ತಳ್ಳಲ್ಪಟ್ಟ ಎಷ್ಟೋ ಮಕ್ಕಳಿಗೆ ಅಕ್ಷರ ಕಲಿಸಿದ ಕೈ ಇದು; ಆ ಶಬ್ದವನ್ನು ನಾನು ಸಹಿಸಲಾರೆನು.

ಹಾಗೆಂದು, ಬಾಸ್ಟನ್ ನಗರದ ಚಾರ್ಟರ್ ಶಾಲೆಗಳಲ್ಲಿ ಬಡಮಕ್ಕಳ ಅಂಕಗಳು ಏರಿರುವುದನ್ನು ಅಲ್ಲಗಳೆಯಲಾರೆನು. ಆದರೆ ಅದೇ ಮಸಾಚುಸೆಟ್ಸ್ ರಾಜ್ಯದಲ್ಲಿ ವರ್ಷಕ್ಕೆ ಹನ್ನೆರಡರವರೆಗೆ ಇನ್ನಷ್ಟು ಚಾರ್ಟರ್ ಶಾಲೆಗಳಿಗೆ ಅನುಮತಿ ಕೊಡಬಹುದೆಂಬ ಪ್ರಸ್ತಾವವು 2016 ರಲ್ಲಿ ಜನರ ಮುಂದೆ ಬಂದಾಗ, ನೂರಕ್ಕೆ 62 ಮಂದಿ ಬೇಡವೆಂದರು. ಚಾರ್ಟರ್ ಶಾಲೆಗಳ ಕಲ್ಪನೆಯನ್ನು 1988 ರಲ್ಲಿ ದೇಶದ ಮುಂದಿಟ್ಟವರು ಶಿಕ್ಷಕರ ಸಂಘದ ಅಧ್ಯಕ್ಷರಾಗಿದ್ದ ಆಲ್ಬರ್ಟ್ ಶ್ಯಾಂಕರ್. ಉಪಾಧ್ಯಾಯರೇ ಕೂಡಿ ನಡೆಸುವ ಸಣ್ಣ ಪ್ರಯೋಗಗಳಾಗಲಿ ಎಂಬುದು ಅವರ ಆಶಯವಾಗಿತ್ತು. 1991 ರಲ್ಲಿ ಮಿನೆಸೋಟ ಮೊದಲ ಶಾಸನವನ್ನು ತಂದ ಕೆಲವೇ ವರ್ಷಗಳಲ್ಲಿ, ಆ ಕಲ್ಪನೆ ಹಿಡಿದ ಹಾದಿಯನ್ನು ಕಂಡು ಅವರೇ ವಿಮುಖರಾದರು. ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಕನ್ನಡ ನಾಡಿನ ಸರ್ಕಾರಿ ಶಾಲೆಗಳನ್ನು ಪರರ ಕೈಗೊಪ್ಪಿಸಿರೆಂದು ಹೇಳಲು ನಿಮ್ಮ ಲೇಖಕರು ನಾಲ್ಕು ಪುಟಗಳನ್ನು ಪಡೆದಿದ್ದಾರೆ. ನಾನು ಅಷ್ಟು ಕೇಳುವುದಿಲ್ಲ. ಈ ಪತ್ರವನ್ನು ಮೊಟಕುಗೊಳಿಸದೆ ಪ್ರಕಟಿಸಬೇಕು, ಆ 'ದಡ್ಡ' ಎಂಬ ಮಾತನ್ನು ಪತ್ರಿಕೆಯು ಅದೇ ಪುಟದಲ್ಲಿ ಹಿಂತೆಗೆದುಕೊಳ್ಳಬೇಕು.

ಇತಿ,
ನಿವೃತ್ತ ಮುಖ್ಯೋಪಾಧ್ಯಾಯ
ಬ್ರೂಕ್ಲಿನ್, ನ್ಯೂಯಾರ್ಕ್