ಕೊಂಕಣ ಸುತ್ತಿ ಮೈಲಾರಕ್ಕೆ ಬರುವ ಸವಾರಿ

ಹ್ಯಾಂಡಲ್‌ಬಾರಿಗೆ ಸಿಕ್ಕಿಸುವ ಸೈಕಲ್ ಕಂಪ್ಯೂಟರ್ ಈಗ ಅಗ್ಗದ ಆಟಿಕೆಯಾಗಿ ಉಳಿದಿಲ್ಲ. ಒಳ್ಳೆಯದೊಂದಕ್ಕೆ ಸುರಿಯುವ ದುಡ್ಡಿನಲ್ಲಿ ಇನ್ನೊಂದು ಸೈಕಲ್ಲೇ ಬಂದೀತು. ಪುಣೆಯಿಂದ ಮಹಾಬಳೇಶ್ವರದ ಘಾಟಿ ಹತ್ತುವವನ ಎದೆಬಡಿತ, ವೇಗ, ಏರಿದ ಎತ್ತರ, ತುಳಿದ ಬಲ ಎಲ್ಲವನ್ನೂ ಅದು ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಬರೆದುಕೊಳ್ಳುತ್ತದೆ. ಬರೆದದ್ದೆಲ್ಲ ಅದರ ಹೊಟ್ಟೆಯೊಳಗೇ ಒಂದು ಫಿಟ್ ಫೈಲಾಗಿ ಕೂತಿರುತ್ತದೆ. ಐದು ಗಂಟೆಯ ಸವಾರಿಯ ಫೈಲು ಮೊಬೈಲಿನಲ್ಲಿ ತೆಗೆದ ಒಂದು ಫೋಟೋದಷ್ಟೂ ದೊಡ್ಡದಿರುವುದಿಲ್ಲ.

ಆ ಫೈಲು ಪಕ್ಕದ ಮೇಜಿನ ಮೇಲಿರುವ ಲ್ಯಾಪ್‌ಟಾಪಿಗೆ ಬರಬೇಕು, ಅಷ್ಟೇ. ಆದರೆ ಕಂಪನಿಗಳು ಹಾಕಿಕೊಟ್ಟಿರುವ ದಾರಿ ನೋಡಿ. ಮೊದಲು ಬ್ಲೂಟೂತ್ ಮೂಲಕ ಫೋನಿಗೆ, ಫೋನಿನ ಆ್ಯಪಿನಿಂದ ಎಲ್ಲೋ ಇರುವ ಕಂಪನಿಯ ಸರ್ವರಿಗೆ, ಅಲ್ಲಿಂದ ಸ್ಟ್ರಾವಾದಂಥ ಇನ್ನೊಂದು ಕಂಪನಿಯ ಸರ್ವರಿಗೆ, ಕೊನೆಗೆ ಅಲ್ಲಿಂದ ಇಳಿಸಿಕೊಂಡು ಲ್ಯಾಪ್‌ಟಾಪಿಗೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ದಾರಿಯುದ್ದಕ್ಕೂ ಟೋಲ್ ನಾಕಾಗಳು. ಅವುಗಳಲ್ಲಿ ಯಾವುದೊಂದು ಮುಚ್ಚಿದರೂ ಸವಾರನಿಗೆ ಕಾಣುವುದು ‘ಸಿಂಕ್ ಆಗಲಿಲ್ಲ’ ಎಂಬ ಒಂದೇ ಸಾಲು. ಎಲ್ಲಿ ಆಗಲಿಲ್ಲ, ಯಾಕೆ ಆಗಲಿಲ್ಲ ಎಂಬ ಸುಳಿವೇ ಇಲ್ಲ.

ಆಮೇಲೆ ಶುರುವಾಗುವುದು ಸಲಹೆಗಳ ಪುರಾಣ. ಫೋನ್ ಆಫ್ ಮಾಡಿ ಆನ್ ಮಾಡಿ. ಆ್ಯಪ್ ತೆಗೆದು ಮತ್ತೆ ಹಾಕಿ. ಸಾಧನವನ್ನು ಫೋನಿನಿಂದ ಬಿಡಿಸಿ ಮತ್ತೆ ಜೋಡಿಸಿ. ಯಾವುದೂ ನಡೆಯದಿದ್ದರೆ ಫ್ಯಾಕ್ಟರಿ ರೀಸೆಟ್. ಈ ಕೊನೆಯ ಮಾತು ಹೇಳುವವರಿಗೆ ನಾಚಿಕೆಯಾಗಬೇಕು. ಅನೇಕ ಸಾಧನಗಳಲ್ಲಿ ರೀಸೆಟ್ ಎಂದರೆ ಒಳಗಿರುವ ಸವಾರಿಗಳೂ ಅಳಿಸಿಹೋಗುತ್ತವೆ. ಯಾವ ಫೈಲನ್ನು ಹೊರತೆಗೆಯಲು ಸವಾರ ಇಷ್ಟೆಲ್ಲ ಒದ್ದಾಡುತ್ತಿದ್ದನೋ ಅದನ್ನೇ ಸುಟ್ಟುಹಾಕುವ ಉಪಾಯ ಇದು. ನೆಗಡಿಯಾಯಿತೆಂದು ಮೂಗು ಕೊಯ್ದ ಹಾಗೆ. ಇಷ್ಟಾದರೂ ತಪ್ಪೆಲ್ಲ ಬಳಕೆದಾರನ ಕೈಯದು ಎಂಬ ಧ್ವನಿ ಮಾತ್ರ ಬದಲಾಗುವುದಿಲ್ಲ.

2020ರ ಜುಲೈ 23ರಂದು ಈ ಸುತ್ತುದಾರಿಯ ಬಂಡವಾಳ ಜಗತ್ತಿಗೇ ಬಯಲಾಯಿತು. ಗಾರ್ಮಿನ್ ಕಂಪನಿಯ ಸರ್ವರುಗಳ ಮೇಲೆ ಸೈಬರ್ ದಾಳಿಯಾಗಿ ಗಾರ್ಮಿನ್ ಕನೆಕ್ಟ್ ಹಲವು ದಿನ ಮಲಗಿತು. ಸವಾರರು ತುಳಿಯುತ್ತಲೇ ಇದ್ದರು, ಸಾಧನಗಳು ಬರೆಯುತ್ತಲೇ ಇದ್ದವು, ಉಪಗ್ರಹಗಳಿಗೂ ಏನೂ ಆಗಿರಲಿಲ್ಲ. ಆದರೂ ಲಕ್ಷಾಂತರ ಜನ ತಮ್ಮದೇ ಸವಾರಿ ಕಾಣದೆ ಕೂತರು. ಆಗ ಬಾಯಿಂದ ಬಾಯಿಗೆ ಹರಡಿದ ಪರಿಹಾರ ಎಂಥದ್ದು? ಯುಎಸ್‌ಬಿ ಕೇಬಲ್ ಹಾಕಿ, ಸಾಧನದೊಳಗಿನ ಗಾರ್ಮಿನ್ ಫೋಲ್ಡರ್ ತೆರೆದು, ಆ್ಯಕ್ಟಿವಿಟೀಸ್ ಎಂಬಲ್ಲಿಂದ ಫೈಲನ್ನು ಎತ್ತಿಕೊಂಡು ಸ್ಟ್ರಾವಾಕ್ಕೆ ನೇರವಾಗಿ ಏರಿಸುವುದು. ನೇರದಾರಿ ಮೊದಲಿನಿಂದಲೂ ಅಲ್ಲೇ ಇತ್ತು. ಮನೆಗೆ ಬೆಂಕಿ ಬಿದ್ದ ದಿನ ಹಿತ್ತಲ ಬಾಗಿಲು ಎಲ್ಲರಿಗೂ ನೆನಪಾಯಿತು.

ಆ ಹಿತ್ತಲ ಬಾಗಿಲೂ ಈಚೆಗೆ ಬಿಗಿಯಾಗುತ್ತಿದೆ. ಹಳೆಯ ಸಾಧನಗಳು ಕೇಬಲ್ ಚುಚ್ಚಿದರೆ ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತಿದ್ದವು. ಹೊಸ ಮಾದರಿಗಳಲ್ಲಿ ಹಲವು ಎಂಟಿಪಿ ಎಂಬ ಪದ್ಧತಿಗೆ ಹೊರಳಿವೆ. ವಿಂಡೋಸ್‌ನಲ್ಲಿ ಅದು ನಡೆಯುತ್ತದೆ. ಆ್ಯಪಲ್ ಕಂಪ್ಯೂಟರಿನ ಫೈಂಡರ್‌ಗೆ ಅದು ಅರ್ಥವೇ ಆಗುವುದಿಲ್ಲ, ಬೇರೆ ಯಾರೋ ಬರೆದ ತಂತ್ರಾಂಶ ಹಾಕಿಕೊಳ್ಳಬೇಕು. ಇದರ ಮೇಲೆ ಕೇಬಲ್ಲಿನ ಮೋಸ ಬೇರೆ. ಮನೆಯ ಡ್ರಾಯರಿನಲ್ಲಿ ಬಿದ್ದಿರುವ ಕೇಬಲ್ಲುಗಳಲ್ಲಿ ಎಷ್ಟೋ ಬರೀ ಚಾರ್ಜಿಂಗಿನವು. ಅವುಗಳೊಳಗೆ ಡೇಟಾ ತಂತಿಯೇ ಇರುವುದಿಲ್ಲ. ಸಾಧನ ಚಾರ್ಜ್ ಆಗುತ್ತಿರುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಏನೂ ಕಾಣುವುದಿಲ್ಲ, ಸವಾರ ಸಾಧನ ಕೆಟ್ಟಿತೆಂದು ಸರ್ವಿಸ್ ಸೆಂಟರಿಗೆ ಓಡುತ್ತಾನೆ. ಸಹಾಯ ಪುಟದ ಮೊದಲ ಸಾಲಿನಲ್ಲಿ ಇರಬೇಕಾದ ಮಾತು ‘ಕೇಬಲ್ ಬದಲಿಸಿ ನೋಡಿ’ ಎಂಬುದು.

ಬ್ಯಾಟರಿಯ ಕತೆ ಇನ್ನೂ ಕ್ರೂರ. ಫಿಟ್ ಫೈಲಿನ ತಲೆಯಲ್ಲಿ ಒಳಗಿನ ಮಾಹಿತಿಯ ಗಾತ್ರವೂ ಬಾಲದಲ್ಲಿ ಲೆಕ್ಕ ತಾಳೆ ನೋಡುವ ಒಂದು ಸಂಖ್ಯೆಯೂ ಇರುತ್ತವೆ. ಸವಾರಿ ‘ಸೇವ್’ ಆಗುವ ಮೊದಲೇ ಬ್ಯಾಟರಿ ಸತ್ತರೆ ಇವೆರಡೂ ಸರಿಯಾಗಿ ಬರೆಯದೆ ಉಳಿಯಬಹುದು. ಮಧ್ಯದ ಇನ್ನೂರು ಕಿಲೋಮೀಟರೂ ಸರಿಯಾಗಿಯೇ ಇದ್ದರೂ ಸರ್ವರು ‘ಫೈಲ್ ಕೆಟ್ಟಿದೆ’ ಎಂದು ಬಾಗಿಲು ಹಾಕುತ್ತದೆ. ಬ್ರೆವೆ ಓಡಿಸುವವರಿಗೆ ಇದರ ಬೆಲೆ ಗೊತ್ತು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ ನಲವತ್ತು ಗಂಟೆ ಗಡುವು ಇರುವ ಸವಾರಿಯಲ್ಲಿ ಬ್ಯಾಟರಿ ಸಾಯುವುದು ಅಪರೂಪವೇನಲ್ಲ. ಬಿಡುವಿನ ವೇಳೆಯಲ್ಲಿ ಹವ್ಯಾಸಿಗಳು ಬರೆದ ತಂತ್ರಾಂಶಗಳು ಇಂಥ ಫೈಲನ್ನು ಎಷ್ಟೋ ಸಲ ಬದುಕಿಸುತ್ತವೆ. ಅವರಿಗೆ ಆಗುವ ಕೆಲಸ ಸಾಧನ ಮಾರಿದ ಕಂಪನಿಗೆ ಯಾಕೆ ಆಗಬಾರದು?

ಇನ್ನು ಭಾರತದವರಿಗೇ ಮೀಸಲಾದ ಒಂದು ಕಾಟ. ಫಿಟ್ ಫೈಲು ಸಮಯವನ್ನು ವಿಶ್ವ ಸಮಯದಲ್ಲಿ ಬರೆಯುತ್ತದೆ. ಅದು ಸರಿಯಾದ ಪದ್ಧತಿಯೇ. ಆದರೆ ಅದನ್ನು ತೆರೆಯುವ ತಂತ್ರಾಂಶ ಐದೂವರೆ ಗಂಟೆ ಕೂಡಿಸಲು ಮರೆತರೆ, ಚೆನ್ನೈನ ಇಸಿಆರ್ ರಸ್ತೆಯಲ್ಲಿ ಸೋಮವಾರ ಬೆಳಗಿನ ಐದಕ್ಕೆ ಹೊರಟವನು ಭಾನುವಾರ ರಾತ್ರಿ ಹನ್ನೊಂದೂವರೆಗೆ ಹೊರಟಂತೆ ಕಾಣುತ್ತದೆ. ಸವಾರಿ ಹಿಂದಿನ ವಾರದ ಲೆಕ್ಕಕ್ಕೆ ಹೋಗುತ್ತದೆ. ಈ ವಾರದಲ್ಲಿ ಹುಡುಕಿದರೆ ಸಿಗುವುದಿಲ್ಲ, ಕಳೆದೇ ಹೋಯಿತೆಂದು ಆತ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ.

‘ಎಕ್ಸ್‌ಪೋರ್ಟ್ ಸೌಲಭ್ಯ ಕೊಟ್ಟಿದ್ದೇವಲ್ಲ’ ಎಂಬುದು ಕಂಪನಿಗಳ ಸಿದ್ಧ ಉತ್ತರ. ಕೊಟ್ಟಿರುವುದು ನಿಜ. ಗಾರ್ಮಿನ್ ಮತ್ತು ಸ್ಟ್ರಾವಾ ಎರಡರ ಜಾಲತಾಣದಲ್ಲೂ ಮೂಲ ಫೈಲನ್ನು ಇಳಿಸಿಕೊಳ್ಳಬಹುದು. ಸ್ಟ್ರಾವಾದಲ್ಲಿ ಎಲ್ಲ ಸವಾರಿಗಳ ಮೂಟೆಯನ್ನು ಒಟ್ಟಿಗೇ ತರಿಸಿಕೊಳ್ಳಲೂಬಹುದು. ಆದರೆ ಆ ಗುಂಡಿ ಎಲ್ಲಿದೆ? ಖಾತೆ ಅಳಿಸುವ ಪುಟದಲ್ಲಿ! ತನ್ನ ವಸ್ತುವಿನ ಪ್ರತಿ ಕೇಳುವವನು ಮನೆಬಿಟ್ಟು ಹೋಗುವವನೇ ಆಗಿರಬೇಕು ಎಂಬ ಎಣಿಕೆ ಅಲ್ಲಿದೆ. ಪಕ್ಕದಲ್ಲೇ ಸುಲಭವಾಗಿ ಸಿಗುವುದು ಜಿಪಿಎಕ್ಸ್. ಅದು 2002ರಲ್ಲಿ ಬಂದ, ದಾರಿ ಬರೆದಿಡಲೆಂದೇ ಮಾಡಿದ ಒಳ್ಳೆಯ ಮುಕ್ತ ರೂಪ. ಆದರೆ ಅದರ ಮೂಲ ವ್ಯಾಖ್ಯೆಯಲ್ಲಿ ಎದೆಬಡಿತಕ್ಕಾಗಲಿ ಪೆಡಲ್ ಮೇಲಿನ ಬಲಕ್ಕಾಗಲಿ ಜಾಗವಿಲ್ಲ, ಅವನ್ನು ಹೊರಗಿನ ಜೋಡಣೆಗಳಾಗಿ ತುರುಕಬೇಕು. ಲ್ಯಾಪ್ ವಿವರಗಳೂ ಉದುರುತ್ತವೆ. ಬೇರೆ ಬೇರೆ ಸೇವೆಗಳ ನಡುವೆ ಜಿಪಿಎಕ್ಸ್ ಆಗಿ ಓಡಾಡಿದ ಸವಾರಿ ಕೊನೆಗೆ ಎಲುಬುಗೂಡಾಗಿ ಮನೆ ಸೇರುತ್ತದೆ.

ವಾರಕ್ಕೊಮ್ಮೆ ಹೈದರಾಬಾದಿನಲ್ಲೋ ನವಿ ಮುಂಬೈಯಲ್ಲೋ ಒಂದು ಸುತ್ತು ಹಾಕಿ ಚಹಾ ಕುಡಿದು ಬರುವವನಿಗೆ ಇದೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ಇಂದು ಬೇಡದಿರಬಹುದು. ಎದೆನೋವು ಬಂದು ಹಳೆಯ ಎರಡು ವರ್ಷದ ಎದೆಬಡಿತವನ್ನು ವೈದ್ಯರಿಗೆ ತೋರಿಸಬೇಕಾದ ದಿನ, ಬೇರೆ ಕಂಪನಿಯ ಸಾಧನ ಕೊಳ್ಳುವ ದಿನ, ಸೇವೆಯ ನಿಯಮ ಬದಲಾಗುವ ದಿನ ಬೇಕಾಗುತ್ತದೆ. ನಿಯಮ ಬದಲಾಗುವುದು ಕಲ್ಪನೆಯೇನಲ್ಲ. 2024ರ ನವೆಂಬರಿನಲ್ಲಿ ಸ್ಟ್ರಾವಾ, ತನ್ನಿಂದ ಮಾಹಿತಿ ಪಡೆಯುವ ಇತರ ಆ್ಯಪ್‌ಗಳು ಒಬ್ಬನ ಮಾಹಿತಿಯನ್ನು ಆತನಿಗಷ್ಟೇ ತೋರಿಸಬೇಕೆಂದು ಕಟ್ಟು ಹಾಕಿತು. ಖಾಸಗಿತನದ ಕಾರಣ ಕೊಟ್ಟಿತು. ಖಾಸಗಿತನ ಬೇಕು, ಸಂಶಯವಿಲ್ಲ. ಆದರೆ ತನ್ನ ತರಬೇತುದಾರ ನೋಡಲಿ ಎಂದು ಸವಾರನೇ ಒಪ್ಪಿದ ಮೇಲೂ ಬೇಡ ಎನ್ನಲು ನಡುವಿನವರು ಯಾರು?

ಈ ಪ್ರಶ್ನೆಗೆ ಕಾನೂನು ಉತ್ತರ ಕೊಡಬಹುದಿತ್ತು. ಯುರೋಪಿನಲ್ಲಿ 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಜಿಡಿಪಿಆರ್‌ನ 20ನೇ ವಿಧಿ, ತನ್ನ ಮಾಹಿತಿಯನ್ನು ಯಂತ್ರ ಓದಬಲ್ಲ ರೂಪದಲ್ಲಿ ಪಡೆಯುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿಯ 2018ರ ಕರಡಿನಲ್ಲಿ ಇದೇ ಹಕ್ಕು ಭಾರತೀಯರಿಗೂ ಇತ್ತು. 2019ರ ಮಸೂದೆಯಲ್ಲೂ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬರುವಷ್ಟರಲ್ಲಿ ಅದು ಮಾಯವಾಗಿತ್ತು. ಈಗ ಉಳಿದಿರುವುದು ಮಾಹಿತಿಯ ‘ಸಾರಾಂಶ’ ಕೇಳುವ ಹಕ್ಕು. 40 ಗಂಟೆ ತುಳಿದವನು ಸಾರಾಂಶ ಇಟ್ಟುಕೊಂಡು ಏನು ಮಾಡಬೇಕು? ಮೊಬೈಲ್ ಕಂಪನಿ ಬದಲಿಸಿದರೂ ನಂಬರು ತನ್ನದಾಗಿಯೇ ಉಳಿಯಬೇಕೆಂಬುದನ್ನು 2011ರಲ್ಲಿ ಇಡೀ ದೇಶದಲ್ಲಿ ಜಾರಿಗೆ ತಂದದ್ದು ಇದೇ ದೇಶ. ಕಂಪನಿಗಳು ಆಗಲೂ ಕಷ್ಟ ಎಂದೇ ಹೇಳಿದ್ದವು.

ಕಾನೂನು ತಿದ್ದುವವರೆಗೆ ಕಾಯಬೇಕಾಗಿಲ್ಲ. ಕೊಳ್ಳುವ ದಿನ ಅಂಗಡಿಯಲ್ಲೇ ಲ್ಯಾಪ್‌ಟಾಪಿಗೆ ಚುಚ್ಚಿ, ಅಂಗಡಿಯ ಮುಂದೆ ಎರಡು ನಿಮಿಷ ನಡೆದು ದಾಖಲಿಸಿದ ಫೈಲನ್ನು, ಫೋನನ್ನು ಜೇಬಿನಲ್ಲಿಟ್ಟು ಇಂಟರ್ನೆಟ್ ಬಂದ್ ಮಾಡಿ, ಹೊರತೆಗೆದು ತೋರಿಸಲು ಕೇಳಬಹುದು. ಮಾರುವವರು ಬಣ್ಣದ ಪರದೆಯ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲರು. ಇದನ್ನು ತೋರಿಸಲು ಐದು ನಿಮಿಷ ಸಾಕು.