ಅಗ್ಗದ ಔಷಧಕ್ಕೆ ವಾರಸುದಾರರು ಯಾರು?

ಸರ್ಕಾರಿ ಸೇವೆಯ ಮೂರು ದಶಕಗಳಲ್ಲಿ ಸಾವಿರಾರು ಕಡತಗಳ ಮೇಲೆ ಟಿಪ್ಪಣಿ ಬರೆದಿದ್ದೇನೆ. ಬಹುಪಾಲು ಮರೆತುಹೋಗಿವೆ. ಮರೆಯಲಾಗದ ಒಂದು ಕಡತ 2002ನೇ ಇಸವಿಯದು. ನಮ್ಮ ಕಚೇರಿಯ ಬೆರಳಚ್ಚುಗಾರ್ತಿಯೊಬ್ಬರು ವೈದ್ಯಕೀಯ ವೆಚ್ಚದ ಮರುಪಾವತಿ ಕೋರಿ ಅರ್ಜಿ ಸಲ್ಲಿಸಿದ್ದರು. ವಯಸ್ಸು ಮೂವತ್ತೊಂದು. ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ವೈದ್ಯರು ಬರೆದುಕೊಟ್ಟಿದ್ದ ಇಂಟರ್‌ಫೆರಾನ್ ಚುಚ್ಚುಮದ್ದಿನ ಒಂದು ವರ್ಷದ ಖರ್ಚು ಅವರ ವಾರ್ಷಿಕ ಸಂಬಳವನ್ನೂ ಮೀರುತ್ತಿತ್ತು. ಔಷಧ ಅನುಮೋದಿತ ಪಟ್ಟಿಯಲ್ಲಿರಲಿಲ್ಲ. ಅರ್ಜಿದಾರರು ಒಳರೋಗಿಯಾಗಿ ದಾಖಲಾಗಿರಲಿಲ್ಲ. ‘ನಿಯಮಾನುಸಾರ ಪರಿಗಣಿಸಲು ಅವಕಾಶವಿಲ್ಲ’ ಎಂದು ಬರೆದು ಸಹಿ ಹಾಕಿದೆ. ಆ ಟಿಪ್ಪಣಿಯಲ್ಲಿ ಯಾವ ಲೆಕ್ಕಪರಿಶೋಧಕನೂ ಇಂದಿಗೂ ತಪ್ಪು ಹುಡುಕಲಾರ. ಆರು ವರ್ಷಗಳ ನಂತರ ನಾನು ಅದೇ ಕಚೇರಿಗೆ ಮರಳಿ ವರ್ಗವಾಗಿ ಬಂದಾಗ, ಅವರು ಗಾಲಿಕುರ್ಚಿಯಲ್ಲಿ ಬಂದು ಅಶಕ್ತತೆಯ ಆಧಾರದ ಮೇಲೆ ನಿವೃತ್ತಿ ಕೋರಿದರು. ಆ ಅರ್ಜಿಯನ್ನು ನಾವು ಒಂದೇ ವಾರದಲ್ಲಿ ವಿಲೇವಾರಿ ಮಾಡಿದೆವು.

ನಾನು ವೈದ್ಯನಲ್ಲ, ಅರ್ಥಶಾಸ್ತ್ರದ ವಿದ್ಯಾರ್ಥಿ. ನಿವೃತ್ತಿಯ ಬಿಡುವಿನಲ್ಲಿ ಈ ಕಾಯಿಲೆಯ ಸಂಶೋಧನೆಯ ಕಥೆಯನ್ನು ಓದತೊಡಗಿದಾಗ, ಅದು ವಿಜ್ಞಾನದ ಕಥೆಯಷ್ಟೇ ಅಲ್ಲ, ಬೆಲೆಯ ಮತ್ತು ಸಾರ್ವಜನಿಕ ಹೊಣೆಯ ಕಥೆಯೂ ಹೌದು ಎಂಬುದು ಮನವರಿಕೆಯಾಯಿತು.

ವಿದ್ಯುತ್ ತಂತಿಗೆ ಹೊದಿಕೆ ಇರುವಂತೆ ನಮ್ಮ ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಪದರವಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ಈ ಪದರದ ಮೇಲೆ ದಾಳಿ ಮಾಡುತ್ತದೆ. ಪ್ಯಾರಿಸ್ಸಿನ ವೈದ್ಯ ಜ್ಯಾಂ ಮಾರ್ಟಿನ್ ಶಾರ್ಕೋ 1868ರಲ್ಲೇ ಇದನ್ನು ವಿವರಿಸಿದ್ದ. ಒಮ್ಮೆ ಒಂದು ಕಣ್ಣು ಮಸುಕಾಗುತ್ತದೆ, ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಇನ್ನೊಮ್ಮೆ ಕಾಲು ಜೋಮು ಹಿಡಿಯುತ್ತದೆ, ಅದೂ ಹೋಗುತ್ತದೆ. ಮನೆಯವರು ದೃಷ್ಟಿಯಾಯಿತೆನ್ನುತ್ತಾರೆ, ನಿಶ್ಶಕ್ತಿ ಎನ್ನುತ್ತಾರೆ. ಹಲವರಲ್ಲಿ, ವರ್ಷಗಳು ಕಳೆದಂತೆ, ಹೋದದ್ದು ಮರಳಿ ಬಾರದ ಹಂತ ತಲುಪುತ್ತದೆ. ಜಗತ್ತಿನಲ್ಲಿ ಇಪ್ಪತ್ತೆಂಟು ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ಪುರುಷರಿಗಿಂತ ಮಹಿಳೆಯರ ಸಂಖ್ಯೆ ಎರಡು ಪಟ್ಟು. ರೋಗ ಪತ್ತೆಯಾಗುವ ಸರಾಸರಿ ವಯಸ್ಸು ಮೂವತ್ತರ ಆಸುಪಾಸು. ದುಡಿಯುವ, ಸಂಸಾರ ಕಟ್ಟುವ ವಯಸ್ಸು ಅದು.

ಶಾರ್ಕೋನ ನಂತರ ಒಂದೂಕಾಲು ಶತಮಾನ ಕಾಲ ರೋಗದ ಗತಿಯನ್ನು ಬದಲಿಸುವ ಔಷಧವೊಂದೂ ಇರಲಿಲ್ಲ. 1993ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಂಟರ್‌ಫೆರಾನ್ ಬೀಟಾ ಮೊದಲನೆಯದು. ಅದು ರೋಗದ ಮರುಕಳಿಕೆಯನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸಿತು. ಎಂ.ಆರ್.ಐ. ಚಿತ್ರಗಳು ಇನ್ನೊಂದು ಸತ್ಯವನ್ನು ಹೊರಗೆಡಹಿದವು: ರೋಗಿ ಆರಾಮವಾಗಿದ್ದಾರೆ ಎಂದು ನಾವು ತಿಳಿದ ದಿನಗಳಲ್ಲೂ ಒಳಗೆ ಹಾನಿ ಸದ್ದಿಲ್ಲದೆ ನಡೆದಿರುತ್ತದೆ. ಆದ್ದರಿಂದ ಚಿಕಿತ್ಸೆ ಬೇಗ ಆರಂಭವಾಗಬೇಕು ಎಂಬುದು ಇಂದು ತಜ್ಞರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು.

ಮುಂದಿನ ದೊಡ್ಡ ತಿರುವು 2008ರದು. ರಿಟುಕ್ಸಿಮ್ಯಾಬ್ ಎಂಬುದು 1997ರಿಂದ ರಕ್ತಸಂಬಂಧಿ ಕ್ಯಾನ್ಸರಿಗೆ ಬಳಕೆಯಲ್ಲಿರುವ ಔಷಧ. ರಕ್ತದಲ್ಲಿನ ಬಿ-ಕೋಶಗಳನ್ನು ಅದು ನಿವಾರಿಸುತ್ತದೆ. ಕ್ಯಾಲಿಫೋರ್ನಿಯಾದ ಸ್ಟೀಫನ್ ಹೌಸರ್ ಮತ್ತು ಸಂಗಡಿಗರು 104 ಎಂ.ಎಸ್. ರೋಗಿಗಳನ್ನು ಸೇರಿಸಿಕೊಂಡು ನಡೆಸಿದ ಪ್ರಯೋಗದಲ್ಲಿ, ಈ ಔಷಧ ಪಡೆದವರ ಮಿದುಳಿನ ಹೊಸ ಉರಿಯೂತದ ಗಾಯಗಳು ಶೇ 91ರಷ್ಟು ಕಡಿಮೆಯಾದವು. ಫಲಿತಾಂಶ ಇಷ್ಟು ಸ್ಪಷ್ಟವಾಗಿದ್ದ ಮೇಲೆ ಎಂ.ಎಸ್.ಗಾಗಿ ಇದರ ಪರವಾನಗಿಗೆ ಅರ್ಜಿ ಹಾಕುವುದು ಸಹಜ ಹೆಜ್ಜೆ ಎನಿಸಬಹುದು. ಹಾಗಾಗಲಿಲ್ಲ. ಆ ವೇಳೆಗೆ ರಿಟುಕ್ಸಿಮ್ಯಾಬ್‌ನ ಪೇಟೆಂಟ್ ಅವಧಿ ಕೊನೆಯತ್ತ ಸಾಗಿತ್ತು. ಅದೇ ಕೋಶಗಳನ್ನೇ ಗುರಿಯಾಗಿಸುವ, ಹೊಸ ಪೇಟೆಂಟ್ ಉಳ್ಳ ಅಕ್ರೆಲಿಝುಮ್ಯಾಬ್ ಎಂಬ ಸೋದರ ಔಷಧದ ಮೇಲೆ ದೊಡ್ಡ ಪ್ರಯೋಗಗಳು ನಡೆದು, 2017ರಲ್ಲಿ ಅದು ಅಮೆರಿಕದ ಮಾರುಕಟ್ಟೆಗೆ ಬಂತು. ಆರಂಭದ ಬೆಲೆ ವರ್ಷಕ್ಕೆ 65,000 ಡಾಲರ್.

ಇದಕ್ಕಾಗಿ ಕಂಪನಿಯನ್ನು ಬೈಯುವುದು ಸುಲಭ. ನನ್ನ ಉದ್ದೇಶ ಅದಲ್ಲ. ಅಕ್ರೆಲಿಝುಮ್ಯಾಬ್ ಒಳ್ಳೆಯ ಔಷಧ. ಅದುವರೆಗೆ ಯಾವ ಮದ್ದೂ ಇರದಿದ್ದ, ಆರಂಭದಿಂದಲೇ ಉಲ್ಬಣಿಸುತ್ತ ಹೋಗುವ ಬಗೆಯ ಎಂ.ಎಸ್.ಗೂ ಅದು ಮೊದಲ ಅನುಮತಿ ಪಡೆಯಿತು. ಕೋಟಿಗಟ್ಟಲೆ ಹಣ ಹೂಡುವವನು ಲಾಭ ನಿರೀಕ್ಷಿಸುತ್ತಾನೆ. ಆದರೆ ಪೇಟೆಂಟ್ ಮುಗಿದ ಔಷಧ ಹೊಸ ರೋಗಕ್ಕೂ ಉಪಯುಕ್ತವೆಂದು ಸಾಬೀತುಪಡಿಸಲು ಹಣ ಹೂಡಿದವನಿಗೆ ಏನು ದಕ್ಕುತ್ತದೆ? ಏನೂ ಇಲ್ಲ. ಲಾಭ ಇಡೀ ಸಮಾಜಕ್ಕೆ, ಖರ್ಚು ಮಾತ್ರ ಒಬ್ಬನಿಗೆ. ಅರ್ಥಶಾಸ್ತ್ರದಲ್ಲಿ ಇಂಥದ್ದನ್ನು ಸಾರ್ವಜನಿಕ ಸರಕು ಎನ್ನುತ್ತೇವೆ. ಬೀದಿದೀಪವನ್ನು ಮಾರುಕಟ್ಟೆ ಹಚ್ಚುವುದಿಲ್ಲ, ಪುರಸಭೆ ಹಚ್ಚಬೇಕು. ಅಗ್ಗದ ಔಷಧದ ಪ್ರಯೋಗವೂ ಹಾಗೆಯೇ.

ಸ್ವೀಡನ್ ದೇಶ ಆ ದೀಪವನ್ನು ಹಚ್ಚಿತು. ಅಲ್ಲಿನ ನರರೋಗ ತಜ್ಞರು ಪರವಾನಗಿಯಲ್ಲಿ ನಮೂದಾಗದಿದ್ದರೂ ರಿಟುಕ್ಸಿಮ್ಯಾಬ್ ಬಳಸತೊಡಗಿದರು. ಪ್ರತಿ ರೋಗಿಯ ವಿವರವನ್ನೂ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸಿದರು. ಬಳಿಕ 200 ರೋಗಿಗಳ ಮೇಲೆ ಕ್ರಮಬದ್ಧ ಪ್ರಯೋಗ ನಡೆಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷಗಳಲ್ಲಿ ರೋಗ ಮರುಕಳಿಸಿದ್ದು ರಿಟುಕ್ಸಿಮ್ಯಾಬ್ ಪಡೆದವರಲ್ಲಿ ಶೇ 3ರಷ್ಟು ಮಂದಿಗೆ. ಡೈಮೀಥೈಲ್ ಫ್ಯೂಮರೇಟ್ ಎಂಬ ಪರವಾನಗಿ ಪಡೆದ ಮಾತ್ರೆ ನುಂಗಿದವರಲ್ಲಿ ಶೇ 16ರಷ್ಟು ಮಂದಿಗೆ. ನಾರ್ವೆ, ಡೆನ್ಮಾರ್ಕ್‌ಗಳು ಇನ್ನೂ ಮುಂದೆ ಹೋಗಿ, ಅಗ್ಗದ ಔಷಧವನ್ನು ಅದರ ದುಬಾರಿ ಸೋದರನೊಂದಿಗೇ ನೇರವಾಗಿ ಹೋಲಿಸುವ ಪ್ರಯೋಗಗಳನ್ನು ಸಾರ್ವಜನಿಕ ಹಣದಲ್ಲಿ ಕೈಗೊಂಡವು. 2019ರಲ್ಲಿ ಎಂ.ಎಸ್. ಔಷಧಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಲು ಒಪ್ಪದಿದ್ದ ವಿಶ್ವ ಆರೋಗ್ಯ ಸಂಸ್ಥೆ, 2023ರಲ್ಲಿ ಮೊದಲ ಬಾರಿಗೆ ಮೂರನ್ನು ಸೇರಿಸಿತು. ಅವುಗಳಲ್ಲಿ ರಿಟುಕ್ಸಿಮ್ಯಾಬ್ ಒಂದು.

ಈಗ ನಮ್ಮ ಕಡೆ ನೋಡೋಣ. ಇದೇ ರಿಟುಕ್ಸಿಮ್ಯಾಬ್‌ನ ಜೈವಿಕ ಪ್ರತಿರೂಪವನ್ನು ಹೈದರಾಬಾದಿನ ಡಾ. ರೆಡ್ಡೀಸ್ ಸಂಸ್ಥೆ 2007ರಲ್ಲೇ ಭಾರತದ ಮಾರುಕಟ್ಟೆಗೆ ತಂದಿತು. ಅಂದರೆ ಔಷಧ ತಯಾರಿಸುವ ಸಾಮರ್ಥ್ಯ ನಮ್ಮಲ್ಲಿದೆ. ನಮ್ಮ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲೂ ಅದರ ಹೆಸರಿದೆ, ಆದರೆ ಕ್ಯಾನ್ಸರ್ ವಿಭಾಗದಲ್ಲಿ. ನರರೋಗ ತಜ್ಞರು ತಮ್ಮ ವಿವೇಚನೆಯ ಮೇಲೆ ಎಂ.ಎಸ್. ರೋಗಿಗಳಿಗೆ ಅದನ್ನು ಕೊಡುತ್ತಾರೆ. ಮರುಪಾವತಿಯ ಕಡತ ಮಾತ್ರ ನನ್ನಂಥ ಅಧಿಕಾರಿಯ ಮೇಜಿಗೆ ಬಂದಾಗ, ‘ನಮೂದಿಸದ ಬಳಕೆ’ ಎಂಬ ಆಕ್ಷೇಪ ಸಿದ್ಧವಾಗಿರುತ್ತದೆ.

ಇದಕ್ಕಿಂತ ವಿಚಿತ್ರವಾದ ವೈರುಧ್ಯ ಇನ್ನೊಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಎಂ.ಎಸ್.ಅನ್ನು ಹೆಸರಿಸಿ ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. ಸ್ವಾಗತಾರ್ಹ. ಆದರೆ ಮೀಸಲಾತಿಯಂಥ ಮುಖ್ಯ ಸೌಲಭ್ಯಗಳು ದೊರೆಯುವುದು ಶೇ 40ರಷ್ಟು ವೈಕಲ್ಯ ದೃಢಪಟ್ಟ ಮೇಲೆ. ವಿಜ್ಞಾನ ಹೇಳುವುದು, ವೈಕಲ್ಯ ಬರುವ ಮುನ್ನ ಔಷಧ ಕೊಡಿ ಎಂದು. ನಮ್ಮ ವ್ಯವಸ್ಥೆ ಹೇಳುವುದು, ವೈಕಲ್ಯ ಬರಲಿ, ಆಮೇಲೆ ನೋಡೋಣ ಎಂದು. ಕೆರೆ ಒಡೆದ ಮೇಲೆ ಪರಿಹಾರ ಹಂಚುವ ನಮ್ಮ ಹಳೆಯ ಅಭ್ಯಾಸವೇ ಇಲ್ಲೂ ಮುಂದುವರಿದಿದೆ.

ನಮ್ಮದೇ ಸಂಶೋಧನೆ ಏಕೆ ಬೇಕು ಎಂಬುದಕ್ಕೂ ಬಲವಾದ ಕಾರಣವಿದೆ. 2022ರಲ್ಲಿ ಅಮೆರಿಕದ ಹಾರ್ವರ್ಡ್ ವಿಜ್ಞಾನಿಗಳು, ಎಪ್‌ಸ್ಟೀನ್-ಬಾರ್ ಎಂಬ ಸಾಮಾನ್ಯ ವೈರಸ್ಸಿನ ಸೋಂಕಿನ ನಂತರ ಎಂ.ಎಸ್. ಬರುವ ಸಂಭವ 32 ಪಟ್ಟು ಹೆಚ್ಚುತ್ತದೆ ಎಂದು ತೋರಿಸಿದರು. ಒಂದು ಕೋಟಿ ಸೈನಿಕರ ದಾಖಲೆಗಳನ್ನು ಇಪ್ಪತ್ತು ವರ್ಷಗಳ ಉದ್ದಕ್ಕೂ ಪರಿಶೀಲಿಸಿದ ಅಧ್ಯಯನ ಅದು. ಬೇರೊಂದು ಉದ್ದೇಶಕ್ಕೆ ಪಡೆದ ಸೈನಿಕರ ರಕ್ತದ ಮಾದರಿಗಳನ್ನು ಸರ್ಕಾರ ಎಸೆಯದೆ ಕಾಪಿಟ್ಟಿದ್ದರಿಂದ ಅದು ಸಾಧ್ಯವಾಯಿತು. ಆದರೆ ನಮ್ಮಲ್ಲಿ ಬಹುತೇಕ ಎಲ್ಲರಿಗೂ ಈ ಸೋಂಕು ಬಾಲ್ಯದಲ್ಲೇ ತಗಲುತ್ತದೆ, ಆದರೂ ಎಂ.ಎಸ್. ಪಾಶ್ಚಾತ್ಯ ದೇಶಗಳಿಗಿಂತ ವಿರಳ. ಏಕೆ? ಈ ಪ್ರಶ್ನೆಗೆ ಉತ್ತರ ಅಮೆರಿಕದ ಸೈನ್ಯದ ಉಗ್ರಾಣದಲ್ಲಿ ಸಿಗಲಾರದು, ಇಲ್ಲಿಯೇ ಹುಡುಕಬೇಕು.

ಹುಡುಕುವವರು ಇಲ್ಲವೆಂದಲ್ಲ. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರು ಈ ಗುಂಪಿನ ಕಾಯಿಲೆಗಳ ನೋಂದಣಿಯನ್ನು ವರ್ಷಗಳಿಂದ ನಡೆಸಿದ್ದಾರೆ. ಅಲ್ಲಿನ ನಗರವಾಸಿಗಳಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಗೆ ಎಂ.ಎಸ್. ಇದೆ ಎಂಬುದು ಅವರ ತಂಡ 2014ರಲ್ಲಿ ಪ್ರಕಟಿಸಿದ ಅಂದಾಜು. ಕಣ್ಣಿನ ನರ ಮತ್ತು ಬೆನ್ನುಹುರಿಯನ್ನು ಕಾಡುವ ಎನ್.ಎಂ.ಒ. ಎಂಬ ಸಮೀಪದ ಕಾಯಿಲೆಯೂ ಅವರ ಅಧ್ಯಯನದ ವಿಷಯ. ಅದು ಬೇರೆಯೇ ರೋಗ ಎಂಬುದಕ್ಕೆ 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ರಕ್ತಪರೀಕ್ಷೆಯ ಸಾಕ್ಷ್ಯ ಒದಗಿಸಿದರು. ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್ ಎನ್.ಎಂ.ಒ. ರೋಗಿಯ ಸ್ಥಿತಿಯನ್ನು ಬಿಗಡಾಯಿಸಬಲ್ಲದು. ಹೆಸರು ತಪ್ಪಿದರೆ ಮದ್ದೇ ಮುಳುವಾಗುತ್ತದೆ. ದೆಹಲಿಯ ಏಮ್ಸ್ ಕೇಂದ್ರವಾಗಿ, ಐ.ಸಿ.ಎಂ.ಆರ್. ನೆರವಿನಿಂದ, ರಾಷ್ಟ್ರೀಯ ನೋಂದಣಿಯೂ ಆರಂಭವಾಗಿದೆ.

ಕ್ಷಯ, ಅಪೌಷ್ಟಿಕತೆಗಳ ನಾಡಿನಲ್ಲಿ ಲಕ್ಷಕ್ಕೆ ಎಂಟು ಮಂದಿಯ ಕಾಯಿಲೆಗೆ ಬೊಕ್ಕಸದ ಹಣವೇ ಎಂದು ಕೇಳುವವರಿದ್ದಾರೆ. ನಾನೂ ಒಮ್ಮೆ ಹಾಗೆ ಯೋಚಿಸಿದವನೇ. ಆದರೆ ಆ ಲೆಕ್ಕದಲ್ಲಿ ಔಷಧದ ಖರ್ಚು ಮಾತ್ರ ಇರುತ್ತದೆ. ಮೂವತ್ತು ವರ್ಷ ದುಡಿಯಬೇಕಾದವರು ಮನೆ ಹಿಡಿದದ್ದು, ಅವರನ್ನು ನೋಡಿಕೊಳ್ಳಲು ಇನ್ನೊಬ್ಬರು ಕೆಲಸ ಬಿಟ್ಟದ್ದು ಆ ಲೆಕ್ಕಕ್ಕೆ ಸೇರುವುದಿಲ್ಲ. ರಿಟುಕ್ಸಿಮ್ಯಾಬ್ ಅಪಾಯವಿಲ್ಲದ ಔಷಧವೇನಲ್ಲ. ಅದು ಸೋಂಕುಗಳಿಗೆ ದಾರಿ ಮಾಡಿಕೊಡಬಹುದು. ಹೆಪಟೈಟಿಸ್-ಬಿ ಇದೆಯೇ ಎಂದು ಮೊದಲೇ ಪರೀಕ್ಷಿಸಬೇಕು. ಸೋಂಕು ರೋಗಗಳು ಹೆಚ್ಚಿರುವ ನಮ್ಮಲ್ಲಿ ಎಷ್ಟು ಪ್ರಮಾಣ, ಎಷ್ಟು ಅಂತರ ಸಾಕು ಎಂಬುದನ್ನು ನಮ್ಮ ಪ್ರಯೋಗಗಳೇ ಹೇಳಬೇಕು. ಅಂಥ ಪ್ರಯೋಗಕ್ಕೆ ಕಂಪನಿ ಹಣ ಹಾಕುವುದಿಲ್ಲ, ಸರ್ಕಾರ ಹಾಕಬೇಕು.

ಮಾಡಬೇಕಾದುದು ಇಷ್ಟೇ. ರಾಷ್ಟ್ರೀಯ ನೋಂದಣಿಗೆ ಜಿಲ್ಲಾ ಆಸ್ಪತ್ರೆಗಳನ್ನೂ ಜೋಡಿಸುವುದು. ಅದರ ಆಧಾರದ ಮೇಲೆ ಅಗ್ಗದ ಔಷಧಗಳ ಪ್ರಯೋಗಗಳಿಗೆ ಸಾರ್ವಜನಿಕ ಹಣ ಒದಗಿಸುವುದು. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಬಳಕೆಯನ್ನು ನಮ್ಮ ಮರುಪಾವತಿ ಮತ್ತು ವಿಮಾ ಯೋಜನೆಗಳ ಪಟ್ಟಿಗಳಲ್ಲಿ ಸ್ಪಷ್ಟವಾಗಿ ನಮೂದಿಸುವುದು. ಕೊನೆಯದಕ್ಕೆ ಹೊಸ ಕಾನೂನೂ ಬೇಡ, ಒಂದು ಸುತ್ತೋಲೆ ಸಾಕು.

ಅಧಿಕಾರಿ ನಿಯಮದಾಚೆ ಹೋಗಲಾರ, ನಿಜ. ಆದರೆ ನಿಯಮ ತಪ್ಪಾಗಿದೆ, ಬದಲಿಸಿ ಎಂದು ಟಿಪ್ಪಣಿಯ ಕೆಳಗೆ ಇನ್ನೊಂದು ಸಾಲು ಬರೆಯಬಲ್ಲ. 2002ರಲ್ಲಿ ನಾನು ಆ ಸಾಲನ್ನು ಬರೆಯಲಿಲ್ಲ. ಇಂದು ಆ ಮೇಜಿನಲ್ಲಿ ಕುಳಿತಿರುವವರು ಬರೆಯಲಿ ಎಂಬುದು ನನ್ನ ವಿನಂತಿ.