ಮೊದಲು ಮರ, ಆಮೇಲೆ ಕಮಲ

ವಿನ್ಯಾಸ ಕೋರ್ಸಿನ ಕನಸು ಕಾಣುವ ಹಾನಗಲ್ಲ, ಹಿರೇಕೆರೂರಿನ ಮಕ್ಕಳಿಗೆ ಮೊದಲು ಅಡ್ಡಬರುವುದು ‘ನನಗ ಚಿತ್ರ ಬರೂದಿಲ್ರಿ’ ಎಂಬ ಅಂಜಿಕೆ. ಒಂದು ಗೆರೆ ಎಳೆದು ಮೂರು ಸಲ ಅಳಿಸುತ್ತಾರೆ. ಎನ್‌ಐಡಿ, ನಿಫ್ಟ್‌ನಂಥ ವಿನ್ಯಾಸ ಸಂಸ್ಥೆಗಳ ಪ್ರವೇಶ ಪರೀಕ್ಷೆಗಳಲ್ಲಿ ಚಿತ್ರ ಬಿಡಿಸದೆ ವಿಧಿಯಿಲ್ಲ. ಕೋಚಿಂಗಿಗೆ ಬೆಂಗಳೂರೇ ಬೇಕೆಂಬ ನಂಬಿಕೆ ಬೇರೆ.

ಆದರೆ ಅಂಜಿಕೆ ಬಿಡಿಸುವ ಮಾದರಿಗಳು ಊರ ಸುತ್ತಲೇ ಇವೆ. ಸವಣೂರಿನ ‘ದೊಡ್ಡಹುಣಸೆ’ ಮರವನ್ನೇ ನೋಡಿ. ಹೆಸರಿಗಷ್ಟೇ ಹುಣಸೆ, ಅಸಲಿಗೆ ಆಫ್ರಿಕಾ ಮೂಲದ ಬಾವೋಬಾಬ್. ಉಬ್ಬುತಗ್ಗಿನ ಆ ಕಾಂಡ ಬರೆಯುವಾಗ ಗೆರೆ ಸೊಟ್ಟಾದರೂ ಮರ ಮರವಾಗಿಯೇ ಉಳಿಯುತ್ತದೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಛಾವಣಿಯ ಕಮಲದಲ್ಲಿ ಆ ರಿಯಾಯಿತಿ ಇಲ್ಲ. ಒಂದು ದಳ ತಪ್ಪಿದರೆ ಸುತ್ತೆಲ್ಲ ತಪ್ಪು. ನಮ್ಮ ಶಾಲೆಗಳು ಕಮಲದಿಂದಲೇ ಪಾಠ ಶುರುಮಾಡುತ್ತವೆ, ಹುಡುಗರು ಪೆನ್ಸಿಲ್ ಕೆಳಗಿಡುತ್ತಾರೆ.

ಶುರು ಮರದಂಥ ಸುಲಭದ ಮಾದರಿಗಳಿಂದ ಆಗಲಿ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಎತ್ತು, ರೈತ, ಹಳ್ಳಿಮನೆಗಳೇ ಶಿಲ್ಪಗಳಾಗಿವೆ. ಅಲ್ಲಿಗೆ ಶಾಲಾ ಪ್ರವಾಸ ಹೋದ ಮಕ್ಕಳ ಕೈಯಲ್ಲಿ ಮೊಬೈಲ್ ಬದಲು ಚಿತ್ರ ಬಿಡಿಸಲು ಒಂದು ನೋಟುಬುಕ್ಕು ಇರಲಿ. ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆಗಳಿಗೆ ಶಿಕ್ಷಕರನ್ನು ಕೊಡುವುದು ಸರ್ಕಾರದ ಹೊಣೆ. ಶಿಕ್ಷಕರಿದ್ದ ಕಡೆ ಡ್ರಾಯಿಂಗ್ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಎರವಲು ಪಡೆಯುವುದು ನಿಲ್ಲಬೇಕು.